ಸುದ್ದಿಯಲ್ಲಿ ಸಾವು, ಒಲೆಯ ಮೇಲೆ ಸಾರು

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಜಾರಿ ಬಂತು. ಬೆಳಗಿನ ಕಾಫಿಯ ಹೊತ್ತಿಗೆ ಸತ್ತವರ ಲೆಕ್ಕ ಹತ್ತಾರರಲ್ಲಿತ್ತು, ರಾತ್ರಿ ಊಟಕ್ಕೆ ಕೂರುವಷ್ಟರಲ್ಲಿ ನೂರು ದಾಟಿತ್ತು, ಕೊನೆಗೆ 250ನ್ನೂ ಮೀರಿತು. ಅದೇ ದಿನ ಮಧ್ಯಾಹ್ನ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಮತ್ತು ಸರಬ್‌ಜೋತ್ ಸಿಂಗ್ ಪಿಸ್ತೂಲ್ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಕೆಸರೂ ಪದಕವೂ ಒಂದೇ ದಿನದ ಸುದ್ದಿಯಾದವು. ಪದಕಕ್ಕೆ ಚಪ್ಪಾಳೆ ತಟ್ಟಿದವರು ಕಲ್ಲೆದೆಯವರೇನಲ್ಲ. ಹಾಗೆಂದು ಚಪ್ಪಾಳೆ ತಟ್ಟುವಾಗ ಕೈ ಒಂದು ಕ್ಷಣ ತಡೆಯಲಿಲ್ಲ ಎಂದೂ ಅಲ್ಲ.

ಆ ತಡೆಯ ಬಗ್ಗೆಯೇ ಈ ಲೇಖನ. ಲೋಕದಲ್ಲಿ ದೊಡ್ಡದೊಂದು ದುರಂತ ನಡೆದು ಸುದ್ದಿಯೆಲ್ಲ ಅದೇ ಆಗಿರುವಾಗ ನಮ್ಮ ಮಾಮೂಲು ದಿನವನ್ನು ಏನು ಮಾಡಬೇಕು? ಮಗುವಿನ ಹುಟ್ಟುಹಬ್ಬಕ್ಕೆ ಕೇಕ್ ತರುವುದೋ ಬೇಡವೋ? ಮದುವೆ ಮನೆಯಲ್ಲಿ ಆರ್ಕೆಸ್ಟ್ರಾ ಇರಲೋ, ವಾಲಗಕ್ಕೇ ಮುಗಿಸುವುದೋ? ಫೋನಿನಲ್ಲಿ ಹೆಣಗಳ ಚಿತ್ರ ನೋಡಿ, ಅದೇ ಫೋನಿನಲ್ಲಿ ಸೀರೆ ಆರ್ಡರ್ ಮಾಡಿದರೆ ನಾವು ಎಂಥವರು? ಕೇಳಲು ಸಣ್ಣವು, ಆದರೆ ಮನಸ್ಸಿಗೆ ಮುಳ್ಳಿನ ಹಾಗೆ ಚುಚ್ಚುವ ಪ್ರಶ್ನೆಗಳು. ತತ್ವಜ್ಞಾನಿಗಳೂ ಮನಶ್ಶಾಸ್ತ್ರಜ್ಞರೂ ಊರಿನ ಹಿರಿಯರೂ ಇವಕ್ಕೆ ತಮ್ಮ ತಮ್ಮ ರೀತಿಯಲ್ಲಿ ಉತ್ತರ ಕೊಟ್ಟಿದ್ದಾರೆ.

ಪಶ್ಚಿಮದಲ್ಲಿ ಈ ಚರ್ಚೆ ಬಂದಾಗಲೆಲ್ಲ ಆಡಂ ಸ್ಮಿತ್‌ನ ಹೆಸರು ಬರುತ್ತದೆ. ಅರ್ಥಶಾಸ್ತ್ರದ ಗ್ರಂಥ ಬರೆಯುವುದಕ್ಕೂ ಮೊದಲು, 1759ರಲ್ಲಿ ಮೊದಲು ಪ್ರಕಟವಾದ, ನೈತಿಕ ಭಾವನೆಗಳ ಕುರಿತ ಪುಸ್ತಕದಲ್ಲಿ ಅವನೊಂದು ಸನ್ನಿವೇಶ ಕಲ್ಪಿಸಿದ. ಚೀನಾ ದೇಶ ಭೂಕಂಪದಲ್ಲಿ ಇಡಿಯಾಗಿ ಮುಳುಗಿತೆಂಬ ಸುದ್ದಿ ಯೂರೋಪಿನ ಒಬ್ಬ ಸಜ್ಜನನಿಗೆ ತಲುಪುತ್ತದೆ. ಅವನು ಮರುಗುತ್ತಾನೆ, ಬಾಳಿನ ನಶ್ವರತೆಯ ಬಗ್ಗೆ ನಾಲ್ಕು ಒಳ್ಳೆಯ ಮಾತಾಡುತ್ತಾನೆ, ಆಮೇಲೆ ತನ್ನ ವ್ಯಾಪಾರಕ್ಕೋ ವಿನೋದಕ್ಕೋ ಮರಳುತ್ತಾನೆ. ನಾಳೆ ತನ್ನ ಕಿರುಬೆರಳು ಹೋಗಲಿದೆ ಎಂದು ಗೊತ್ತಾದರೆ ಮಾತ್ರ ಅವನಿಗೆ ರಾತ್ರಿಯಿಡೀ ನಿದ್ದೆ ಬರುವುದಿಲ್ಲ. ಎಲ್ಲರೂ ಇಷ್ಟನ್ನೇ ಹೇಳಿ ನಿಲ್ಲಿಸುತ್ತಾರೆ. ಸ್ಮಿತ್ ನಿಲ್ಲಿಸಲಿಲ್ಲ. ಆ ಬೆರಳನ್ನು ಉಳಿಸಿಕೊಳ್ಳಲು ಅಷ್ಟೂ ಜನರನ್ನು ಬಲಿ ಕೊಡು ಎಂದರೆ ಅದೇ ಮನುಷ್ಯ ಹೇಸಿ ಹಿಂದೆ ಸರಿಯುತ್ತಾನೆ, ಅದು ಏಕೆ ಎಂಬುದು ಅವನ ನಿಜವಾದ ಪ್ರಶ್ನೆ. ನಮ್ಮ ಮರುಕ ಸಣ್ಣದು ನಿಜ. ಆದರೆ ನಮ್ಮ ನ್ಯಾಯಪ್ರಜ್ಞೆ ಮರುಕದಷ್ಟು ಸಣ್ಣದಲ್ಲ. ಆ ಪುಟದ ಎರಡನೆಯ ಅರ್ಧವನ್ನು ಮರೆತವರೇ ಸ್ಮಿತ್‌ನನ್ನು ಸಿನಿಕನೆಂದು ಕರೆಯುತ್ತಾರೆ.

ಕಾಫ್ಕಾನ ದಿನಚರಿಯದು ಇನ್ನೊಂದು ಬಗೆ. 1914ರ ಆಗಸ್ಟ್ 2ರಂದು ಅವನು ಬರೆದದ್ದು ಎರಡೇ ಸಂಗತಿ: ಜರ್ಮನಿ ರಷ್ಯಾದ ಮೇಲೆ ಯುದ್ಧ ಸಾರಿದ್ದು ಮತ್ತು ತಾನು ಮಧ್ಯಾಹ್ನ ಈಜಿಗೆ ಹೋಗಿದ್ದು. ಇದನ್ನು ಓದಿ ಕೆಲವರು ನಗುತ್ತಾರೆ, ಕೆಲವರು ಬೆಚ್ಚುತ್ತಾರೆ. ನನಗೆ ಅದರಲ್ಲಿ ಪ್ರಾಮಾಣಿಕತೆ ಕಾಣುತ್ತದೆ. ನಮ್ಮ ಎಲ್ಲರ ದಿನಚರಿಯೂ ಹಾಗೆಯೇ ಇರುತ್ತದೆ. ಬರೆದಿಡುವಾಗ ಮಾತ್ರ ನಾವು ಈಜನ್ನು ಬಿಟ್ಟುಬಿಡುತ್ತೇವೆ.

ನಮ್ಮ ಕಡೆಯ ಹಳ್ಳಿಗಳು ಈ ಪ್ರಶ್ನೆಗೆ ಉತ್ತರವನ್ನು ಪುಸ್ತಕದಲ್ಲಿ ಬರೆಯಲಿಲ್ಲ, ಕಟ್ಟಳೆಯಾಗಿ ಇಟ್ಟುಕೊಂಡವು. ಕೇರಿಯಲ್ಲಿ ಹೆಣ ಇರುವ ತನಕ ಒಲೆ ಹಚ್ಚುವಂತಿಲ್ಲ. ದೇವಸ್ಥಾನದ ಬಾಗಿಲು ಹಾಕಬೇಕು. ಗಂಡಸರು ಸೌದೆ ಒಟ್ಟುವುದಕ್ಕೋ ಗುಂಡಿ ತೋಡುವುದಕ್ಕೋ ಹೋಗಬೇಕು, ಹೆಂಗಸರು ಸತ್ತವರ ಮನೆಯವರ ಪಕ್ಕ ಕೂರಬೇಕು. ಹೆಣ ಎತ್ತಿದ ಮೇಲೆ ಬೀದಿ ತೊಳೆದು, ಸ್ನಾನ ಮಾಡಿ, ಒಲೆ ಹಚ್ಚುತ್ತಾರೆ. ಸಾವಿನ ಮನೆಗೆ ಮಾತ್ರ ಅನ್ನ ನೆಂಟರ ಮನೆಯಿಂದಲೋ ನೆರೆಮನೆಯಿಂದಲೋ ಹೋಗುತ್ತದೆ. ಮೂರನೇ ದಿನ ಹಾಲುತುಪ್ಪ, ಹನ್ನೊಂದಕ್ಕೋ ಹದಿಮೂರಕ್ಕೋ ತಿಥಿ, ಅಲ್ಲಿಗೆ ಊರಿನ ಮಟ್ಟಿಗೆ ಅದು ಮುಗಿಯಿತು. ಆಮೇಲೂ ಅಳುತ್ತಿದ್ದರೆ ‘ಸತ್ತವರ ಹಿಂದೆ ಸಾಯೋಕಾಗತ್ತಾ ಅವ್ವ, ಎದ್ದು ಒಂದು ತುತ್ತು ಉಣ್ಣು’ ಎನ್ನುತ್ತಾರೆ. ಆ ಮಾತಿನಲ್ಲಿ ಒರಟುತನವಿಲ್ಲ. ಬದುಕಿಗೆ ಮರಳಲು ಊರೇ ಒಪ್ಪಿಗೆ ಕೊಡುವ ರೀತಿ ಅದು.

ಈ ಕಟ್ಟಳೆಯಲ್ಲಿ ನಾನು ಗಮನಿಸುವುದು ದುಃಖದ ಆಳವನ್ನಲ್ಲ, ಅದರ ಅಳತೆಯನ್ನು. ಯಾರು ಎಷ್ಟು ಹತ್ತಿರ, ಯಾರಿಗೆ ಯಾವ ಕೆಲಸ, ಎಂದಿನವರೆಗೆ ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು. ಹೀಗಾಗಿ ಎರಡು ಮನೆ ಆಚೆ ಇರುವವನು ‘ನಾನು ಸಾಕಷ್ಟು ಅತ್ತೆನೇ’ ಎಂದು ಕೇಳಿಕೊಳ್ಳಬೇಕಾಗಿರಲಿಲ್ಲ. ಸೌದೆ ಹೊತ್ತಿದ್ದರೆ ಸಾಕಾಗಿತ್ತು.

ಆದರೆ ಇದನ್ನು ಹಾಡಿ ಹೊಗಳುವ ಮೊದಲು ಕೇರಿ ಎಂದರೆ ಯಾವ ಕೇರಿ ಎಂದು ಕೇಳಬೇಕು. ಮೇಲಿನ ಕೇರಿಯಲ್ಲಿ ಸಾವಾದರೆ ತಮಟೆ ಬಡಿಯುವವರು, ಊರೂರಿಗೆ ನಡೆದು ಸಾವಿನ ಸುದ್ದಿ ಮುಟ್ಟಿಸುವವರು, ಗುಂಡಿ ತೆಗೆಯುವವರು ಕೆಳಗಿನ ಕೇರಿಯವರು. ಕೆಳಗಿನ ಕೇರಿಯಲ್ಲಿ ಸಾವಾದರೆ ಮೇಲಿನ ಕೇರಿಯ ಒಲೆ ಎಂದಿನಂತೆ ಉರಿಯುತ್ತಿತ್ತು. ಅಳತೆಯೊಳಗೆ ಜಾತಿಯ ಅಳತೆಯೂ ಸೇರಿತ್ತು. ಹನ್ನೆರಡನೇ ಶತಮಾನದ ಶರಣರು ಜನನ, ಮರಣ, ಜಾತಿ ಸೇರಿದಂತೆ ಐದು ಸೂತಕಗಳನ್ನೂ ಒಟ್ಟಿಗೇ ತಳ್ಳಿಹಾಕಿದ್ದಕ್ಕೆ ಕಾರಣವಿತ್ತು. ಇಂದಿನ ಟೀವಿಯನ್ನು ಎಷ್ಟೇ ಬೈದರೂ ಒಂದು ಸಂಗತಿ ಒಪ್ಪಲೇಬೇಕು: ಮುಂಡಕ್ಕೈನ ಚಹಾ ತೋಟದ ಕೂಲಿಯ ಸಾವು ಬಸವನಗುಡಿಯ ಮನೆಯೊಳಗೆ ಬಂದದ್ದು ಸುದ್ದಿಯಿಂದಲೇ. ಯಾವ ಕಟ್ಟಳೆಯೂ ಅದನ್ನು ಅಲ್ಲಿಗೆ ತರುತ್ತಿರಲಿಲ್ಲ.

ಸುದ್ದಿ ಗಡಿಯನ್ನು ಮುರಿಯಿತು. ಅದರ ಜೊತೆಗೆ ಕೆಲಸವನ್ನೂ ಗಡುವನ್ನೂ ಕಿತ್ತುಕೊಂಡಿತು.

1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು. ಹೆಚ್ಚಿನವರು ಮಕ್ಕಳು. ಬೆಂಗಳೂರಿಗೆ ಆಗಿನ್ನೂ ದೂರದರ್ಶನ ಬಂದಿರಲಿಲ್ಲ. ರಾಜ್ಯದ ಉಳಿದ ಭಾಗಕ್ಕೆ ಆ ದುರಂತ ತಲುಪಿದ್ದು ರೇಡಿಯೋ ವಾರ್ತೆಯ ಕೆಲವು ವಾಕ್ಯಗಳಾಗಿ ಮತ್ತು ಮರುದಿನದ ಪತ್ರಿಕೆಯ ಕಪ್ಪುಬಿಳುಪು ಚಿತ್ರಗಳಾಗಿ. ವಾರ್ತೆ ಮುಗಿದರೆ ರೇಡಿಯೋ ಕೃಷಿರಂಗಕ್ಕೆ ಹೋಗುತ್ತಿತ್ತು. ಪತ್ರಿಕೆ ಮಡಚಿಟ್ಟರೆ ಮುಗಿಯಿತು. ಮೂರು ವರ್ಷದ ನಂತರ, 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾದಾಗ ಆಕಾಶವಾಣಿ ಮಾಮೂಲು ಕಾರ್ಯಕ್ರಮಗಳನ್ನು ಬದಿಗಿಟ್ಟು ಶೋಕದ ವಾದ್ಯಸಂಗೀತ ಹಾಕಿತು. ಸರ್ಕಾರಿ ಶೋಕಾಚರಣೆಯೂ ಒಂದು ರೀತಿಯಲ್ಲಿ ಸೂತಕವೇ. ಇಷ್ಟು ದಿನ ಧ್ವಜ ಅರ್ಧಕ್ಕೆ, ಇಷ್ಟು ದಿನ ಮನರಂಜನೆ ಇಲ್ಲ, ಆಮೇಲೆ ಎಂದಿನಂತೆ. ಅದರಲ್ಲಿ ಎಷ್ಟು ಶೋಕ, ಎಷ್ಟು ಶಿಷ್ಟಾಚಾರ ಎನ್ನುವುದು ಬೇರೆ ಮಾತು, ಆದರೆ ಅದಕ್ಕೂ ಗಡುವಿತ್ತು.

2006ರ ಜುಲೈಯಲ್ಲಿ ಹರಿಯಾಣದ ಕುರುಕ್ಷೇತ್ರ ಜಿಲ್ಲೆಯಲ್ಲಿ ಐದು ವರ್ಷದ ಹುಡುಗನೊಬ್ಬ ಕೊಳವೆಬಾವಿಗೆ ಬಿದ್ದ. ಸುಮಾರು 50 ಗಂಟೆ ದೇಶ ಟೀವಿಯ ಮುಂದಿನಿಂದ ಏಳಲಿಲ್ಲ. ಹುಡುಗ ಬದುಕಿ ಬಂದ. ಸುದ್ದಿ ಚಾನೆಲ್‌ಗಳು ಅಂದು ಕಲಿತ ಪಾಠ ಅವು ಎಂದೂ ಮರೆಯದಂಥದ್ದು: ಏನೂ ನಡೆಯದೇ ಇರುವುದನ್ನೂ ನೇರಪ್ರಸಾರ ಮಾಡಬಹುದು, ಕಾಯುವುದನ್ನೇ ಸುದ್ದಿಯಾಗಿಸಬಹುದು. ಅದರ ಬೆನ್ನಲ್ಲೇ ಕನ್ನಡದಲ್ಲೂ ಇಪ್ಪತ್ನಾಲ್ಕು ಗಂಟೆಯ ಚಾನೆಲ್‌ಗಳು ಒಂದರ ಹಿಂದೊಂದು ಬಂದವು. ದರ್ಶಿನಿಯ ಗೋಡೆಯ ಮೇಲೆ ಟೀವಿ ಬಂತು. ಇಡ್ಲಿ ಚಟ್ನಿಗೆ ಅದ್ದುತ್ತ ಹೆಣ ಎಣಿಸುವುದು ನಮಗೆ ಹೀಗೆ ಅಭ್ಯಾಸವಾಯಿತು. ಆಮೇಲೆ ಟೀವಿ ಜೇಬಿನೊಳಕ್ಕೇ ಬಂದ ಕಥೆ ಎಲ್ಲರಿಗೂ ಗೊತ್ತಿರುವುದೇ.

ನೋಡುತ್ತ ಕೂರುವುದರಿಂದ ನೋಡುವವರಿಗೆ ಏನಾಗುತ್ತದೆ? ಈ ಬಗ್ಗೆ ಅಮೆರಿಕದಲ್ಲಿ ಗಟ್ಟಿಯಾದ ಅಧ್ಯಯನಗಳು ನಡೆದಿವೆ. 2001ರ ಸೆಪ್ಟೆಂಬರ್ 11ರ ದಾಳಿಯಾದ ಕೆಲವೇ ದಿನಗಳಲ್ಲಿ ದೇಶದಾದ್ಯಂತ ವಯಸ್ಕರನ್ನು ಮಾತಾಡಿಸಿದಾಗ ಶೇಕಡಾ 44 ಮಂದಿ ತೀವ್ರ ಒತ್ತಡದ ಒಂದಾದರೂ ಲಕ್ಷಣ ತಮ್ಮಲ್ಲಿದೆ ಎಂದರು. ಅವರಲ್ಲಿ ಹೆಚ್ಚಿನವರು ದಾಳಿ ನಡೆದ ಕಟ್ಟಡಗಳಿಂದ ನೂರಾರು, ಸಾವಿರಾರು ಮೈಲಿ ದೂರ ಇದ್ದವರು. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸ್ಫೋಟಿಸಿದ ಮೇಲೆ ಹೋಲ್ಮನ್, ಗಾರ್ಫಿನ್, ಸಿಲ್ವರ್ ಎಂಬ ಸಂಶೋಧಕಿಯರು 4,675 ಜನರನ್ನು ಅಧ್ಯಯನ ಮಾಡಿದರು. ಮೊದಲ ವಾರದಲ್ಲಿ ದಿನಕ್ಕೆ ಆರು ಗಂಟೆಗೂ ಹೆಚ್ಚು ಆ ಸುದ್ದಿಯಲ್ಲೇ ಮುಳುಗಿದ್ದವರ ಮಾನಸಿಕ ಆಘಾತ ಸ್ಥಳದಲ್ಲೇ ಇದ್ದವರ ಆಘಾತಕ್ಕಿಂತ ಹೆಚ್ಚಿತ್ತು. ಇದನ್ನು ಓದಿದಾಗ ನನಗೆ ಅಚ್ಚರಿಯಾಗಲಿಲ್ಲ. ಸ್ಥಳದಲ್ಲಿದ್ದವನಿಗೆ ಓಡಲು, ಎತ್ತಲು, ಕಟ್ಟಲು ಏನೋ ಒಂದಿತ್ತು. ಸೋಫಾದ ಮೇಲೆ ಕೂತವನಿಗೆ ಏನೂ ಇರಲಿಲ್ಲ, ಅದೇ ತುಣುಕನ್ನು ಮತ್ತೆ ಮತ್ತೆ ನೋಡುವುದರ ಹೊರತು. ಸೌದೆ ಹೊರುವ ಕೆಲಸ ಇಲ್ಲದ ಸಾವಿನ ಮನೆ ಎಂದರೆ ಇದೇ.

ಹಾಗಾದರೆ ನೋಡುವುದನ್ನೇ ಬಿಡೋಣವೇ? ನನ್ನ ಗೆಳೆಯರಲ್ಲಿ ಅರ್ಧ ಜನ ಬಿಟ್ಟಿದ್ದಾರೆ. ಸುದ್ದಿ ನೋಡುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಉಪವಾಸ ಮಾಡುವವರ ಹಾಗೆ. ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಯಾವುದನ್ನು ನೋಡುತ್ತೇವೆ, ಯಾವುದನ್ನು ಬಿಡುತ್ತೇವೆ ಎಂಬುದರ ಮೇಲೆ ಯಾರಿಗೆ ಎಷ್ಟು ನೆರವು ಹೋಗುತ್ತದೆ ಎಂಬುದು ನಿಂತಿದೆ.

ಶಿರೂರನ್ನೇ ತೆಗೆದುಕೊಳ್ಳಿ. ವಯನಾಡಿನ ಗುಡ್ಡ ಜಾರಿದ ದಿನ ಶಿರೂರಿನ ಸುದ್ದಿಗೆ ಎರಡು ವಾರ ಆಗಿತ್ತು. 2024ರ ಜುಲೈ 16ರ ಬೆಳಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಹೆದ್ದಾರಿ ಬದಿಯಲ್ಲಿ ಒಂದು ಚಹಾದಂಗಡಿ ಇತ್ತು. ಲಾರಿ ಚಾಲಕರು ನಿಂತು ಚಹಾ ಕುಡಿಯುವ ಜಾಗ. ಅಂಗಡಿಯೂ ಅದನ್ನು ನಡೆಸುತ್ತಿದ್ದ ಸಂಸಾರವೂ ಮಣ್ಣಿನ ಜೊತೆ ಗಂಗಾವಳಿ ನದಿಗೆ ಹೋದವು. ಮಣ್ಣು ಬಿದ್ದ ಹೊಡೆತಕ್ಕೆ ನದಿಯ ನೀರು ಅಲೆಯಾಗಿ ಎದ್ದು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಕೋಯಿಕ್ಕೋಡ್ ಜಿಲ್ಲೆಯ ಒಬ್ಬ ಲಾರಿ ಚಾಲಕನೂ ತನ್ನ ಲಾರಿಯೊಂದಿಗೆ ಕಾಣೆಯಾಗಿದ್ದ.

ಮಲಯಾಳಂ ಚಾನೆಲ್‌ಗಳು ಶಿರೂರಿನಲ್ಲೇ ಬೀಡುಬಿಟ್ಟವು. ಕೇರಳಕ್ಕೆ ಕೇರಳವೇ ಆ ಚಾಲಕನಿಗಾಗಿ ಕಾದಿತು. ಅವನ ಮನೆ, ಅವನ ಮಗು, ಲಾರಿಯೊಳಗೆ ಅವನಿನ್ನೂ ಬದುಕಿರಬಹುದೆಂಬ ಲೆಕ್ಕಾಚಾರ, ರೇಡಾರ್, ನೌಕಾಪಡೆ, ಮಲ್ಪೆಯ ಮುಳುಗುಗಾರರು. ಅದೇ ಮಣ್ಣಿನಲ್ಲಿ ಕಾಣೆಯಾದ ಸ್ಥಳೀಯರ ಮನೆಯವರು ‘ನಮ್ಮವರ ಹೆಸರು ಯಾಕೆ ಯಾರೂ ಎತ್ತುತ್ತಿಲ್ಲ’ ಎಂದು ಕೇಳಿದ್ದರಲ್ಲಿ ನ್ಯಾಯವಿತ್ತು. ಆದರೆ ಹುಡುಕಾಟ ಅಷ್ಟು ದಿನ ನಡೆದದ್ದೇ ಕೇರಳದ ಗದ್ದಲದಿಂದ ಎಂಬುದೂ ಅಷ್ಟೇ ನಿಜ. ಗೋವಾದಿಂದ ಹೂಳೆತ್ತುವ ಡ್ರೆಜ್ಜರ್ ಬಂತು. ಸೆಪ್ಟೆಂಬರ್ 25ರಂದು ಲಾರಿ ಸಿಕ್ಕಿತು, ಅದರೊಳಗೆ ಚಾಲಕನ ದೇಹವೂ. ನಮ್ಮ ಕಡೆಯ ಚಾನೆಲ್‌ಗಳು ಆ ಮಳೆಗಾಲದಲ್ಲಿ ಯಾವುದರ ಹಿಂದೆ ಬಿದ್ದಿದ್ದವು ಎಂಬುದನ್ನು ಓದುಗರೇ ನೆನೆಸಿಕೊಳ್ಳಲಿ. ಗಮನ ಎಂಬುದು ಪಡಿತರದ ಅಕ್ಕಿ. ಯಾರ ಕೈಯಲ್ಲಿ ಚೀಟಿ ಇದೆಯೋ ಅವರಿಗೆ ಸಿಗುತ್ತದೆ.

ಒಂದು ಮುಖಕ್ಕೆ ಕರಗುವ ಮನಸ್ಸು ನೂರು ಮುಖಕ್ಕೆ ಏಕೆ ಕರಗುವುದಿಲ್ಲ ಎಂಬುದರ ಬಗ್ಗೆ ಪಾಲ್ ಸ್ಲೊವಿಕ್ ಎಂಬ ಮನಶ್ಶಾಸ್ತ್ರಜ್ಞ ದಶಕಗಳಿಂದ ಕೆಲಸ ಮಾಡಿದ್ದಾರೆ. ಸಂಖ್ಯೆ ಏರಿದಂತೆ ಮರುಕ ಏರುವುದಿಲ್ಲ, ಎಷ್ಟೋ ಸಲ ಇಳಿಯುತ್ತದೆ ಎಂಬುದು ಅವರ ವಾದ. 2015ರ ಸೆಪ್ಟೆಂಬರ್‌ನಲ್ಲಿ ಸಿರಿಯಾದ ಪುಟ್ಟ ಹುಡುಗನೊಬ್ಬ ಟರ್ಕಿಯ ಕಡಲತಡಿಯಲ್ಲಿ ಬೋರಲು ಬಿದ್ದಿದ್ದ ಚಿತ್ರ ಲೋಕವನ್ನೆಲ್ಲ ತಟ್ಟಿತು. ಅಷ್ಟರೊಳಗೆ ಸಿರಿಯಾದ ಯುದ್ಧದಲ್ಲಿ ಲಕ್ಷಗಟ್ಟಲೆ ಜನ ಸತ್ತಿದ್ದರು. ಚಿತ್ರ ಬಂದ ವಾರ ಸ್ವೀಡನ್ನಿನ ರೆಡ್‌ಕ್ರಾಸ್‌ನ ನಿಧಿಯೊಂದಕ್ಕೆ ದಿನಾ ಬರುತ್ತಿದ್ದ ದೇಣಿಗೆಗಳ ಸಂಖ್ಯೆ ನೂರು ಪಟ್ಟು ಏರಿತು. ಕೆಲವು ವಾರಗಳಲ್ಲಿ ಮತ್ತೆ ಇಳಿಯಿತು. ನಮ್ಮ ಹಿರಿಯರು ಸ್ಮಶಾನ ವೈರಾಗ್ಯ ಎನ್ನುತ್ತಿದ್ದದ್ದು ಇದನ್ನೇ, ಮಸಣದಿಂದ ಮನೆಗೆ ಬಂದು ತಲೆಗೆ ನೀರು ಹುಯ್ದುಕೊಳ್ಳುವಷ್ಟರಲ್ಲಿ ಇಳಿದುಹೋಗುವ ವೈರಾಗ್ಯ.

ದುರಂತದ ದಿನ ಎಲ್ಲವನ್ನೂ ನಿಲ್ಲಿಸಬೇಕು ಎನ್ನುವವರಿದ್ದಾರೆ. ಅವರಿಗೆ ನನ್ನ ಪ್ರಶ್ನೆ ಒಂದೇ, ನಿಲ್ಲಿಸಲು ಯಾರಿಗೆ ಸಾಧ್ಯ? 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಒಯ್ದ. ಅವರು ಬಿಡುಗಡೆಯಾದದ್ದು ನವೆಂಬರ್ 15ರಂದು, 108 ದಿನ ಕಳೆದು. ಆರಂಭದ ದಿನಗಳಲ್ಲಿ ಬೆಂಗಳೂರು ಸ್ತಬ್ಧವಾಗಿತ್ತು, ಶಾಲೆಗಳಿಗೆ ರಜೆ, ಚಿತ್ರಮಂದಿರಗಳಿಗೆ ಬೀಗ. ಸಂಬಳದವರು ಆತಂಕದಲ್ಲೇ ಆದರೂ ಮನೆಯಲ್ಲಿ ಕೂತರು. ಚಿತ್ರಮಂದಿರದ ಮುಂದೆ ಕಡಲೆಕಾಯಿ ಮಾರುವವಳಿಗೆ, ಗೇಟಿನಲ್ಲಿ ಟಿಕೆಟ್ ಹರಿಯುವವನಿಗೆ, ಚಿತ್ರೀಕರಣದಲ್ಲಿ ಲೈಟ್ ಹಿಡಿಯುವ ಹುಡುಗರಿಗೆ ಅಣ್ಣಾವ್ರ ಮೇಲೆ ಪ್ರೀತಿ ಕಡಿಮೆಯಿತ್ತೇ? ಬಹುಶಃ ಎಲ್ಲರಿಗಿಂತ ಹೆಚ್ಚೇ ಇತ್ತು. ಆದರೆ ಶೋಕದ ಖರ್ಚು ಅವರ ಮಡಿಲಿಗೇ ಬಿತ್ತು. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡಾಗ ಶೋಕ ಗಲಭೆಯಾಗಿ ತಿರುಗಿ, ಒಬ್ಬ ಪೊಲೀಸ್ ಸೇರಿದಂತೆ ಇನ್ನಷ್ಟು ಜೀವಗಳು ಹೋದವು. ದಿನಗೂಲಿಯವನು ದುರಂತದ ಮರುದಿನ ಗಾರೆ ಕೆಲಸಕ್ಕೆ ಹೋದರೆ ಅದು ಹೃದಯಹೀನತೆ ಅಲ್ಲ. ಅವನನ್ನು ಮನೆಯಲ್ಲಿ ಕೂರಿಸುವುದರಲ್ಲೇ ನನಗೆ ಹೃದಯಹೀನತೆ ಕಾಣುತ್ತದೆ.

ಇನ್ನು ದುರಂತದ ಒಳಗೇ ಇರುವವರ ಮಾತು. ಹೊರಗಿನಿಂದ ನೋಡುವಾಗ ನಾವು ದುರಂತ ಒಂದು ಕಡೆ, ದಿನಚರಿ ಇನ್ನೊಂದು ಕಡೆ ಎಂದು ಗೆರೆ ಎಳೆಯುತ್ತೇವೆ. ಒಳಗಿರುವವರಿಗೆ ಅಂಥ ಗೆರೆ ಇರುವುದಿಲ್ಲ. 2022ರ ಮಾರ್ಚ್ 1, ಮಹಾಶಿವರಾತ್ರಿ. ಯುಕ್ರೇನಿನ ಖಾರ್ಕಿವ್ ನಗರದಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಅವನು ಹೊರಗೆ ಹೋಗಿದ್ದು ದಿನಸಿ ತರಲು. ಯುದ್ಧದ ನಡುವೆಯೂ ಹಸಿವು ದಿನಕ್ಕೆ ಮೂರು ಸಲ ಬರುತ್ತಿತ್ತು. ಮೂರು ವಾರದ ಮೇಲೆ ದೇಹ ಊರಿಗೆ ಬಂತು, ಹೆತ್ತವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ಕೊಟ್ಟರು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದದ್ದು ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಮೆಸ್ಸಿನ ಮೇಲೆ, ಹುಡುಗರು ಊಟಕ್ಕೆ ಕೂತ ಹೊತ್ತಿನಲ್ಲಿ. ಮೇಜಿನ ಮೇಲೆ ಅನ್ನದ ತಟ್ಟೆಗಳು ಹಾಗೇ ಉಳಿದಿದ್ದ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ.

ಕೋವಿಡ್ ಅಲೆಯ 2021ರ ಏಪ್ರಿಲ್, ಮೇ ತಿಂಗಳಲ್ಲಂತೂ ಗೆರೆಯೇ ಅಳಿಸಿಹೋಗಿತ್ತು. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ಆ ರಾತ್ರಿ 24 ಜನ ಸತ್ತರೆಂಬ ಸುದ್ದಿ ಮೇ 3ರಂದು ಬಂತು. ಮರುದಿನದವರೆಗೂ ಐಪಿಎಲ್ ಪಂದ್ಯಾವಳಿ ನಿಂತಿರಲಿಲ್ಲ, ಅದೂ ನಿಂತದ್ದು ಆಟಗಾರರಿಗೇ ಸೋಂಕು ತಗುಲಿದ ಮೇಲೆ. ಬೆಂಗಳೂರಿನ ಹೊರವಲಯದ ಗಿಡ್ಡೇನಹಳ್ಳಿ, ತಾವರೆಕೆರೆಗಳಲ್ಲಿ ಬಯಲಿನಲ್ಲೇ ಚಿತೆಗಳು ಉರಿದವು. ಸರದಿಯಲ್ಲಿ ಆಂಬುಲೆನ್ಸ್, ಸರದಿಯಲ್ಲಿ ನೆಂಟರು. ಗಂಟೆಗಟ್ಟಲೆ ಬಿಸಿಲಲ್ಲಿ ಕಾಯುವವರಿಗೆ ನೀರು, ಕಾಫಿ, ತಿಂಡಿ ಬೇಕಾಗಿತ್ತು. ಅದನ್ನು ಯಾರೋ ಒದಗಿಸಿದರು. ಜೊತೆಗೆ ಉಚಿತ ಕಾಫಿ ತಿಂಡಿಯ ಬಗ್ಗೆ ನಾಯಕರ ಭಾವಚಿತ್ರವಿರುವ ಫ್ಲೆಕ್ಸ್ ಕೂಡ ಏರಿತು, ಜನ ಛೀಮಾರಿ ಹಾಕಿದ ಮೇಲೆ ಇಳಿಯಿತು. ಚಿತೆಯ ಪಕ್ಕ ಕಾಫಿ ಕೊಟ್ಟದ್ದರಲ್ಲಿ ಅಸಹ್ಯವೇನೂ ಇರಲಿಲ್ಲ, ಅದು ಹಳೆಯ ಕಟ್ಟಳೆಯ ನೆರೆಮನೆ ಅನ್ನವೇ. ಅಸಹ್ಯ ಇದ್ದದ್ದು ಆ ಭಾವಚಿತ್ರದಲ್ಲಿ. (ನಮ್ಮ ವೃತ್ತಗಳಲ್ಲಿ ಏರುವ ‘ಭಾವಪೂರ್ಣ ಶ್ರದ್ಧಾಂಜಲಿ’ ಫ್ಲೆಕ್ಸ್‌ಗಳಲ್ಲಿ ಸತ್ತವರ ಮುಖ ಅಂಗೈಯಷ್ಟು, ಶ್ರದ್ಧಾಂಜಲಿ ಕೋರುವವರ ಮುಖ ಮೊರದಷ್ಟು. ವಾಟ್ಸಾಪ್ ಸ್ಟೇಟಸ್ಸಿನ ಮೇಣದಬತ್ತಿ ಆ ಫ್ಲೆಕ್ಸಿನ ಬಡ ತಮ್ಮ, ಅದನ್ನು ಅಷ್ಟಾಗಿ ಬೈಯಲು ನನಗೆ ಮನಸ್ಸಿಲ್ಲ.)

ಸಂಭ್ರಮವೂ ಸಾವೂ ಒಂದೇ ಗೋಡೆಯ ಎರಡು ಬದಿಗೆ ಬಂದರೆ? 2025ರ ಜೂನ್ 3ರಂದು ಆರ್‌ಸಿಬಿ 18ನೇ ಸಲದ ಪ್ರಯತ್ನದಲ್ಲಿ ಮೊದಲ ಬಾರಿಗೆ ಐಪಿಎಲ್ ಗೆದ್ದಿತು. ಮರುದಿನ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು, ಬಹುತೇಕ ಎಲ್ಲರೂ ಚಿಕ್ಕ ವಯಸ್ಸಿನವರು. ಒಳಗೆ ಸನ್ಮಾನ ನಡೆಯಿತು. ವಿಷಯ ತಿಳಿದ ಕೂಡಲೇ ಕಾರ್ಯಕ್ರಮ ಮೊಟಕುಗೊಳಿಸಿದೆವು ಎಂದು ಸಂಘಟಕರು ಹೇಳಿದರು. ಯಾರಿಗೆ ಯಾವಾಗ ಗೊತ್ತಾಯಿತು ಎಂಬುದು ವಿಚಾರಣೆಯ ವಿಷಯವಾಯಿತು. ಅಂದು ರಾತ್ರಿ ಶಿವಮೊಗ್ಗದಲ್ಲೋ ಬಳ್ಳಾರಿಯಲ್ಲೋ ಗೆಲುವಿನ ಖುಷಿಗೆ ಹೋಳಿಗೆ ತಿಂದವನನ್ನು ನಾನು ದೂರಲಾರೆ. ಗೋಡೆಯ ಇನ್ನೊಂದು ಬದಿಯಲ್ಲೇ ನಿಂತು, ಗೇಟು ತೆಗೆಯುವ, ಜನರನ್ನು ತಡೆಯುವ, ಮೈಕಿನಲ್ಲಿ ಎರಡು ಮಾತು ಹೇಳುವ ಅಧಿಕಾರ ಇದ್ದವರ ಮಾತು ಬೇರೆ. ಹತ್ತಿರ ಇದ್ದವನಿಗೂ ಕೈಯಲ್ಲಿ ಕೆಲಸ ಇದ್ದವನಿಗೂ ಒಂದು ನ್ಯಾಯ, ದೂರದಿಂದ ಕೇಳಿದವನಿಗೆ ಇನ್ನೊಂದು ನ್ಯಾಯ. ಇವೆರಡನ್ನೂ ಕಲಸಿ ಇಡೀ ಸಮಾಜವೇ ತಪ್ಪಿತಸ್ಥ ಎಂದು ಕೂಗಿದರೆ ನಿಜವಾಗಿ ಉತ್ತರ ಕೊಡಬೇಕಾದವರು ಗುಂಪಿನಲ್ಲಿ ಮರೆಯಾಗುತ್ತಾರೆ. ದುರಂತದ ದಿನದ ಟೀವಿ ಚರ್ಚೆಗಳಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ.

ನನಗೆ ಅನಿಸುವುದು ಇಷ್ಟು. ದುರಂತದ ದಿನ ನಾವು ಕಾಫಿ ಕುಡಿದದ್ದು, ಮಗುವಿಗೆ ಕೇಕ್ ತಂದದ್ದು, ಪದಕಕ್ಕೆ ಚಪ್ಪಾಳೆ ತಟ್ಟಿದ್ದು ಅಪರಾಧವಲ್ಲ. ಮೊದಲ ದಿನ ನಮ್ಮಿಂದ ಯಾರೂ ಹೆಚ್ಚೇನನ್ನೂ ಕೇಳುವುದಿಲ್ಲ, ಕೇಳಿದರೂ ಕೊಡಲು ನಮ್ಮಲ್ಲಿ ಹೆಚ್ಚೇನೂ ಇರುವುದಿಲ್ಲ. ನಮ್ಮ ಲೋಪ ಇರುವುದು ನೂರನೇ ದಿನದಲ್ಲಿ, ಐನೂರನೇ ದಿನದಲ್ಲಿ, ಸುದ್ದಿ ಬೇರೆ ಕಡೆ ಹೋದ ಮೇಲೆ.

ಕೊಳವೆಬಾವಿಗಳನ್ನೇ ನೋಡಿ. ಹರಿಯಾಣದ ಹುಡುಗನಿಗಾಗಿ ದೇಶ ಕಣ್ಣೀರಿಟ್ಟದ್ದು 2006ರಲ್ಲಿ. ತೆರೆದ ಕೊಳವೆಬಾವಿ ಮುಚ್ಚುವುದು ಹೇಗೆ, ಯಾರ ಹೊಣೆ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾದ ಮಾರ್ಗಸೂಚಿ ಕೊಟ್ಟದ್ದು 2010ರಲ್ಲಿ. ಬೇಕಾದದ್ದು ಒಂದು ಮುಚ್ಚಳ, ಸುತ್ತ ಒಂದಿಷ್ಟು ಬೇಲಿ. 2014ರಲ್ಲಿ ಬಾಗಲಕೋಟೆಯ ಸೂಳಿಕೇರಿಯಲ್ಲಿ ಒಬ್ಬ ಹುಡುಗ ಬಿದ್ದ, ಬದುಕಲಿಲ್ಲ. 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಒಬ್ಬ ಹುಡುಗಿ ಬಿದ್ದಳು, ಬದುಕಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಮಗುವನ್ನು ಸುಮಾರು 20 ಗಂಟೆಗಳ ಕೆಲಸದಿಂದ ಜೀವಂತ ಎತ್ತಿದರು, ನಾವೆಲ್ಲ ಮತ್ತೆ ಟೀವಿ ಮುಂದೆ ಕೂತು ಚಪ್ಪಾಳೆ ತಟ್ಟಿದೆವು. ಪ್ರತಿ ಸಲವೂ ಕಣ್ಣೀರು ಹೊಸದು, ಬಾಯಿ ತೆರೆದ ಬಾವಿ ಹಳೆಯದು.

ಕಣ್ಣೀರು ಕೆಲಸವಾಗಿ ಬದಲಾದ ಉದಾಹರಣೆ ಇಲ್ಲವೆಂದಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹಠಾತ್ತನೆ ತೀರಿಕೊಂಡರು. ಅವರ ಅಣ್ಣ ಶಿವರಾಜ್‌ಕುಮಾರ್ ಅವರ ‘ಭಜರಂಗಿ 2’ ತೆರೆ ಕಂಡದ್ದೂ ಅದೇ ಬೆಳಗ್ಗೆ. ಆರು ದಿನ ಕಳೆದರೆ ದೀಪಾವಳಿ. ಪಟಾಕಿ ಹೊಡೆಯುವುದೋ ಬೇಡವೋ ಎಂದು ಮನೆಮನೆಯಲ್ಲಿ ಮಾತಾಯಿತು. ಕೆಲವರು ಹೊಡೆದರು, ಕೆಲವರು ಬಿಟ್ಟರು. ಅದು ನನಗೆ ಮುಖ್ಯವಾಗಿ ಕಾಣುವುದಿಲ್ಲ. ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು ಎಂದು ಗೊತ್ತಾದ ಮೇಲೆ ಹಳ್ಳಿಹಳ್ಳಿಗಳಲ್ಲಿ ಜನ ಗುಂಪುಗುಂಪಾಗಿ ನೇತ್ರದಾನಕ್ಕೆ ಹೆಸರು ಬರೆಸಿದರು. ಎಷ್ಟೋ ಮನೆಗಳಲ್ಲಿ ಸಾವು ಬಂದಾಗ ಮನೆಯವರೇ ನೆನಪಿಟ್ಟುಕೊಂಡು ಆಸ್ಪತ್ರೆಗೆ ಫೋನ್ ಮಾಡುವಂತಾಯಿತು. ಅಲ್ಲಿ ಅಭಿಮಾನಿಗಳಿಗೆ ಹೊರಲು ಸೌದೆ ಸಿಕ್ಕಿತು.

ಎಲ್ಲ ಸಲ ಹಾಗಾಗುವುದಿಲ್ಲ. ಮಂಗಳೂರಿನ ಕೆಂಜಾರಿನಲ್ಲಿ 2010ರ ಮೇ 22ರ ಶನಿವಾರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು, ಎಂಟು ಜನ ಬದುಕಿದರು. ಕರಾವಳಿಯಲ್ಲಿ ಗಲ್ಫಿನ ಸಂಬಂಧವಿಲ್ಲದ ಬೀದಿಯೇ ಇಲ್ಲವಾದ್ದರಿಂದ ಆ ದಿನ ಸುದ್ದಿ ನೋಡುವುದೆಂದರೆ ಹೆಸರಿನ ಪಟ್ಟಿ ಓದುವುದಾಗಿತ್ತು. ಗುರುತು ಸಿಗದ 12 ದೇಹಗಳನ್ನು ಒಟ್ಟಿಗೆ ಮಣ್ಣು ಮಾಡಿದರು. ತನಿಖಾ ವರದಿ ಬಂತು, ಇಳಿಯಬೇಡ, ಮತ್ತೆ ಮೇಲೇರು ಎಂದು ಸಹಪೈಲಟ್ ಹೇಳಿದರೂ ಕ್ಯಾಪ್ಟನ್ ಇಳಿಸಿದ್ದು ಕಾರಣವೆಂದಿತು. ಮೇಜಿನಂಥ ಗುಡ್ಡದ ಮೇಲಿನ ರನ್‌ವೇಗಳಲ್ಲಿ ಏನೇನು ಎಚ್ಚರ ಬೇಕೆಂಬುದನ್ನೂ ಹೇಳಿತು. ಸಂತ್ರಸ್ತರ ಮನೆಯವರು ಪರಿಹಾರಕ್ಕಾಗಿ ಕೋರ್ಟು ಅಲೆದರು. ಒಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಮೇ ತಿಂಗಳಲ್ಲಿ, ದೇಶ ಲಾಕ್‌ಡೌನಿನಲ್ಲಿದ್ದಾಗ. ಅದೇ ವರ್ಷ ಆಗಸ್ಟ್ 7ರ ರಾತ್ರಿ, ಮಳೆಯಲ್ಲಿ, ಅದೇ ಕಂಪನಿಯ, ಅದೇ ದುಬೈನಿಂದ ಬಂದ ವಿಮಾನ ಕೋಯಿಕ್ಕೋಡಿನ ಅಂಥದೇ ರನ್‌ವೇಯನ್ನು ದಾಟಿ ಕೆಳಗೆ ಬಿದ್ದು 21 ಜನ ಸತ್ತರು. ಮಳೆಯಲ್ಲಿ ಅಲ್ಲಿ ಹೀಗಾಗಬಹುದು ಎಂದು ವಿಮಾನ ಸುರಕ್ಷತಾ ತಜ್ಞ ಕ್ಯಾಪ್ಟನ್ ಮೋಹನ್ ರಂಗನಾಥನ್ ಮಂಗಳೂರು ದುರಂತದ ಮರುವರ್ಷವೇ, 2011ರಲ್ಲಿ, ಅಧಿಕಾರಿಗಳಿಗೆ ಪತ್ರ ಬರೆದಿದ್ದರು. ಆ ಹೊತ್ತಿಗೆ ಟೀವಿಯಲ್ಲಿ ಬೇರೆ ಸುದ್ದಿ ಓಡುತ್ತಿತ್ತು.